ಆರು ವ್ಯಾಟ್ ಪ್ರೊಸೆಸರ್ ದಿನದ ಕೆಲಸಕ್ಕೆ ಸಾಕೇ?

ಪಿಯುಸಿ ಫಲಿತಾಂಶ ಬಂದು ಕಾಲೇಜು ಪ್ರವೇಶ ಶುರುವಾಗುವ ಹೊತ್ತಿಗೆ ಬಳ್ಳಾರಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಕೇಳಿಸುತ್ತದೆ. ಇಪ್ಪತ್ತೈದು ಸಾವಿರದ ಆಸುಪಾಸಿನ ಲ್ಯಾಪ್‌ಟಾಪ್ ಮೇಲೆ ‘ಇಂಟೆಲ್ ಎನ್100’ ಎಂದೋ ‘ಸೆಲೆರಾನ್’ ಎಂದೋ ಚೀಟಿ ಅಂಟಿಸಿರುತ್ತಾರೆ. ಅದರ ಪಕ್ಕದಲ್ಲೇ ಹತ್ತು ಹದಿನೈದು ಸಾವಿರ ಹೆಚ್ಚಿನ ಬೆಲೆಯ ‘ಕೋರ್ ಐ3’, ‘ಐ5’ ಕೂತಿರುತ್ತವೆ. ಕುರುಗೋಡಿನಿಂದ ಮಗಳನ್ನು ಕರೆದುಕೊಂಡು ಬಂದ ರೈತರಿಗೂ ಸಿರುಗುಪ್ಪದ ಅಕ್ಕಿ ಗಿರಣಿಯ ಗುಮಾಸ್ತರಿಗೂ ಬೇಕಾಗಿರುವುದು ಇಷ್ಟೇ: ಅಗ್ಗದ್ದು ನಡೆಯುತ್ತದೋ, ಆರು ತಿಂಗಳಿಗೆ ತಲೆನೋವಾಗುತ್ತದೋ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎನ್100 ಅಥವಾ ಅದರ ನಂತರ ಬಂದ ಕಡಿಮೆ ವ್ಯಾಟಿನ ಚಿಪ್ಪು, 8 ಜಿಬಿ ರ‍್ಯಾಮ್, ನಿಜವಾದ ಎಸ್‌ಎಸ್‌ಡಿ, ಈ ಮೂರೂ ಒಟ್ಟಿಗೆ ಸಿಕ್ಕರೆ ಮನೆ, ಕಾಲೇಜು, ಅಂಗಡಿಯ ಲೆಕ್ಕಪತ್ರಕ್ಕೆ ಧಾರಾಳ ಸಾಕು. ಎರಡೇ ಕೋರ್ ಇರುವ ಹಳೆಯ ಸೆಲೆರಾನ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಇನ್ನೊಂದು ಮಾತು: ಏಪ್ರಿಲ್ ಬಿಸಿಲು, ಧೂಳು, ಹೋಗಿ ಬರುವ ಕರೆಂಟು ಇವನ್ನೆಲ್ಲ ಲೆಕ್ಕಕ್ಕೆ ತಂದರೆ, ಕಡಿಮೆ ವ್ಯಾಟಿನ ಚಿಪ್ಪಿನಿಂದ ಬೆಂಗಳೂರಿನವರಿಗಿಂತ ನಮ್ಮ ಜಿಲ್ಲೆಯವರಿಗೇ ಹೆಚ್ಚು ಅನುಕೂಲ.

ವ್ಯಾಟಿನ ಲೆಕ್ಕ

ಅಂಗಡಿಯ ಚೀಟಿಯಲ್ಲಿ ಬರೆಯದ, ತಯಾರಕರ ಮಾಹಿತಿ ಪುಟದಲ್ಲಿ ಮಾತ್ರ ಸಿಗುವ ಒಂದು ಅಂಕಿ ಇದೆ. ಅದರ ಹೆಸರು ಟಿಡಿಪಿ. ಪ್ರೊಸೆಸರ್ ಬಹಳ ಹೊತ್ತು ಒಂದೇ ಸಮನೆ ದುಡಿದರೆ ಎಷ್ಟು ಶಾಖವನ್ನು ಹೊರಗೆ ಸಾಗಿಸಬೇಕು ಎಂಬುದರ ಅಂದಾಜು ಅದು. 2023ರ ಜನವರಿಯಲ್ಲಿ ಬಂದ ಎನ್100ಗೆ ಅದು 6 ವ್ಯಾಟ್. ಹೆಸರಿನ ಕೊನೆಯಲ್ಲಿ ‘ಯು’ ಇರುವ ಸಾಮಾನ್ಯ ಲ್ಯಾಪ್‌ಟಾಪ್ ಚಿಪ್ಪುಗಳಿಗೆ ಹೆಚ್ಚಾಗಿ 15, ಗೇಮಿಂಗ್ ಲ್ಯಾಪ್‌ಟಾಪುಗಳ ‘ಎಚ್’ ಚಿಪ್ಪುಗಳಿಗೆ 45. ಇದನ್ನು ಕರೆಂಟ್ ಮೀಟರಿನ ಲೆಕ್ಕ ಎಂದುಕೊಳ್ಳಬೇಡಿ. 15 ವ್ಯಾಟ್ ಎಂದು ಬರೆದಿರುವ ಐ3-1215ಯು ಅವಸರದ ಕೆಲಸ ಬಂದಾಗ ತುಸು ಹೊತ್ತು 55 ವ್ಯಾಟಿನವರೆಗೂ ಎಳೆಯಬಹುದು ಎಂದು ಇಂಟೆಲ್ಲೇ ಹೇಳುತ್ತದೆ.

ವೇಗ ಮತ್ತು ವಿದ್ಯುತ್ತು ಸರಿಸಮನಾಗಿ ಏರುವುದಿಲ್ಲ. ಚಿಪ್ಪು ಎಳೆಯುವ ವಿದ್ಯುತ್ತು ಅದರ ಗಡಿಯಾರದ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. ವೇಗ ಹೆಚ್ಚಿಸಲು ಹೋದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಹಾಗಾಗಿ ಕೊನೆಯ ಒಂದಿಷ್ಟು ವೇಗಕ್ಕೆ ತೆರುವ ವಿದ್ಯುತ್ತು ವಿಪರೀತ. ಆ ಕೊನೆಯ ಒಂದಿಷ್ಟನ್ನು ಬಿಟ್ಟುಕೊಟ್ಟ ಚಿಪ್ಪುಗಳೇ ಈ ಎನ್ ಸರಣಿಯವು. ಎನ್100ರಲ್ಲಿ ನಾಲ್ಕು ಕೋರ್, ಗರಿಷ್ಠ 3.4 ಗಿಗಾಹರ್ಟ್ಸ್. ಅದರ ಒಂದೊಂದು ಕೋರೂ 2015ರ ಸ್ಕೈಲೇಕ್ ಪೀಳಿಗೆಯ ಕೋರಿಗೆ ಹೆಚ್ಚುಕಡಿಮೆ ಸಮ. ಹತ್ತು ವರ್ಷದ ಹಿಂದೆ ಬ್ಯಾಂಕಿನ ಮೇಜಿನ ಮೇಲೆ ಐ5 ಚೀಟಿ ಅಂಟಿಸಿಕೊಂಡು ಕೂತಿದ್ದ ಯಂತ್ರ ಮಾಡುತ್ತಿದ್ದ ಕೆಲಸವನ್ನು ಇದು ಅದರ ಹತ್ತಿರಹತ್ತಿರದ ವೇಗದಲ್ಲೇ ಮಾಡುತ್ತದೆ.

ನಮ್ಮ ದಿನದ ಕೆಲಸದ ರೀತಿಯೂ ಇದಕ್ಕೆ ಹೊಂದುತ್ತದೆ. ಪಹಣಿ ನೋಡಲು ಭೂಮಿ ಪುಟ ತೆರೆಯುವಾಗ ಚಿಪ್ಪು ಒಂದೆರಡು ಸೆಕೆಂಡ್ ಜೋರಾಗಿ ದುಡಿಯುತ್ತದೆ. ಆಮೇಲೆ ನೀವು ಓದುತ್ತೀರಿ, ಸರ್ವೆ ನಂಬರ್ ಹುಡುಕುತ್ತೀರಿ, ಓಟಿಪಿಗಾಗಿ ಕಾಯುತ್ತೀರಿ. ಅಷ್ಟು ಹೊತ್ತೂ ಅದಕ್ಕೆ ಕೆಲಸವೇ ಇಲ್ಲ. ವಿಡಿಯೊ ನೋಡುವಾಗಲೂ ಹೊರೆ ಕಡಿಮೆ, ಏಕೆಂದರೆ ಎನ್100ರಲ್ಲಿ ವಿಡಿಯೊ ಬಿಡಿಸುವುದಕ್ಕೆಂದೇ ಪ್ರತ್ಯೇಕ ಭಾಗವಿದೆ, ಯೂಟ್ಯೂಬ್ ಈಗ ಹೆಚ್ಚಾಗಿ ಕಳಿಸುವ ಎವಿ1 ವಿಡಿಯೊವನ್ನೂ ಅದೇ ಬಿಡಿಸುತ್ತದೆ. 2019ರ ಸೆಲೆರಾನ್ ಎನ್4020ರಲ್ಲಿ ಎವಿ1ಗೆ ಆ ಸೌಕರ್ಯವಿಲ್ಲ. ಎರಡು ಕೋರ್‌ಗಳೇ ಹೆಣಗಬೇಕು, ಹೆಣಗಿದರೂ ಚಿತ್ರ ತಡವರಿಸುತ್ತದೆ. ಎರಡೂ ಆರು ವ್ಯಾಟಿನವೇ. ವ್ಯಾಟ್ ಒಂದೇ ಆದ ಮಾತ್ರಕ್ಕೆ ವೇಗ ಒಂದೇ ಅಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಕಡಿಮೆ ವ್ಯಾಟ್ ಎಂದರೆ ನಿಧಾನ ಎಂಬ ಹೆದರಿಕೆ ಜನರಲ್ಲಿ ಸುಮ್ಮನೆ ಬಂದದ್ದಲ್ಲ. 2008ರಲ್ಲಿ ಇಂಟೆಲ್ ಆಟಂ ಚಿಪ್ಪಿನ ಪುಟ್ಟ ನೆಟ್‌ಬುಕ್‌ಗಳು ಬಂದಾಗ ಕೊಂಡವರೆಲ್ಲ ಒಂದು ಪುಟ ತೆರೆಯಲು ಕಾದು ಕಾದು ಸೋತಿದ್ದರು. ಆ ನೆನಪು ಇನ್ನೂ ಹೋಗಿಲ್ಲ. ಆದರೆ ಕಡಿಮೆ ವಿದ್ಯುತ್ತಿನ ಚಿಪ್ಪುಗಳ ಚರಿತ್ರೆ ಅಷ್ಟೇ ಅಲ್ಲ. 1985ರಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪನಿಯವರು ಮೊದಲ ಆರ್ಮ್ ಚಿಪ್ಪು ಪರೀಕ್ಷಿಸಿದಾಗ ಮೀಟರ್ ಸೊನ್ನೆ ತೋರಿಸಿತಂತೆ. ನೋಡಿದರೆ ಚಿಪ್ಪಿಗೆ ವಿದ್ಯುತ್ ತಂತಿಯೇ ಸರಿಯಾಗಿ ಜೋಡಣೆಯಾಗಿರಲಿಲ್ಲ, ಅಕ್ಕಪಕ್ಕದ ಸರ್ಕ್ಯೂಟುಗಳಿಂದ ಸೋರಿ ಬಂದದ್ದರಲ್ಲೇ ಅದು ಓಡುತ್ತಿತ್ತು. ಅದೇ ವಂಶದ ಆಪಲ್ ಎಂ1 2020ರ ನವೆಂಬರ್‌ನಲ್ಲಿ ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್‌ನಲ್ಲಿ ಬಂದು, ಫ್ಯಾನ್ ಗರ್ರೆನ್ನಿಸುತ್ತಿದ್ದ ಎಷ್ಟೋ ಲ್ಯಾಪ್‌ಟಾಪುಗಳನ್ನು ಹಿಂದೆ ಹಾಕಿತು.

ಕರ್ನಾಟಕಕ್ಕೂ ಈ ದಾರಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್‌ನಲ್ಲಿ ಇದ್ದದ್ದು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್ಪು. ಅಂಗೈಯಲ್ಲಿ ಹಿಡಿಯುವ ಆ ಕಂಪ್ಯೂಟರನ್ನು ರಾಜ್ಯ ಸರ್ಕಾರ ಭೂದಾಖಲೆ ಕೆಲಸಕ್ಕೆ ಬಳಸಿಕೊಂಡಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು, ಮಾರಾಟ ಮಾತ್ರ ಕೈಹಿಡಿಯಲಿಲ್ಲ.

ನಿಜವಾಗಿ ತಡ ಮಾಡುವವರು ಯಾರು?

ಸಿರುಗುಪ್ಪದಲ್ಲಿ ಪರಿಚಯದವರೊಬ್ಬರ ಜೆರಾಕ್ಸ್ ಅಂಗಡಿ ಇದೆ. ಆಧಾರ್ ಪ್ರಿಂಟು, ಸೇವಾ ಸಿಂಧು ಅರ್ಜಿ, ಪರೀಕ್ಷಾ ಶುಲ್ಕ ಕಟ್ಟುವುದು ಅವರ ದಿನದ ವ್ಯಾಪಾರ. ಅವರ ಲ್ಯಾಪ್‌ಟಾಪಿನಲ್ಲಿ ಐ3 ಇತ್ತು, ಆದರೂ ಒಂದು ಪಿಡಿಎಫ್ ತೆರೆಯುವಷ್ಟರಲ್ಲಿ ಗಿರಾಕಿ ಚಹಾ ಕುಡಿದು ಬರುತ್ತಿದ್ದ. ಪ್ರೊಸೆಸರ್ ಹಳೆಯದಾಯಿತು, ಹೊಸ ಐ5 ತರೋಣ ಅಂತ ಅವರು ದುಡ್ಡು ಹೊಂದಿಸುತ್ತಿದ್ದರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆವು. ಸಿಪಿಯು ಕಾಲಂನಲ್ಲಿ ಶೇ 15ರ ಆಚೀಚೆ. ಮೆಮೊರಿ ಶೇ 90 ದಾಟಿತ್ತು. ಡಿಸ್ಕ್ ಕಾಲಂ ಕೆಂಪಾಗಿ ಶೇ 100ರಲ್ಲಿ ನಿಂತಿತ್ತು, ಕೆಳಗೆ ಇಳಿಯಲೇ ಇಲ್ಲ.

ಅಂದರೆ ಪ್ರೊಸೆಸರ್ ಕೈಕಟ್ಟಿ ಕೂತಿತ್ತು. ಗಿರಣಿ ಎಷ್ಟೇ ದೊಡ್ಡದಿರಲಿ, ಭತ್ತದ ಲಾರಿ ಬಾಗಿಲಿಗೆ ಬರದಿದ್ದರೆ ಯಂತ್ರ ಖಾಲಿ ತಿರುಗಬೇಕಷ್ಟೆ. ಆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಎಂದು ಮೈಕ್ರೋಸಾಫ್ಟ್ ಬರೆದುಕೊಂಡಿದೆ. ಆದರೆ ಏನೂ ತೆರೆಯುವ ಮೊದಲೇ ವಿಂಡೋಸ್ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೇ ಹಿಡಿದುಕೊಳ್ಳುತ್ತದೆ. ಕ್ರೋಮ್‌ನಲ್ಲಿ ಐದಾರು ಪುಟ ತೆರೆದರೆ ಜಾಗ ಮುಗಿಯಿತು. ಹೆಚ್ಚಾದದ್ದನ್ನು ಅದು ಡಿಸ್ಕಿಗೆ ಬರೆದು ಮತ್ತೆ ಓದತೊಡಗುತ್ತದೆ. ತಿರುಗುವ ಡಿಸ್ಕಿನಲ್ಲಿ ಓದುವ ಮುಳ್ಳು ಪ್ರತಿ ಸಲವೂ ಜಾಗ ಹುಡುಕಿಕೊಂಡು ಓಡಾಡಬೇಕು, ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಲ ಮಾತ್ರ ಅದರಿಂದ ಸಾಧ್ಯ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದು ಸಾವಿರಗಟ್ಟಲೆ ಸಲ ಓದುತ್ತದೆ. ಆ ಅಂಗಡಿಯವರು ಪ್ರೊಸೆಸರ್ ಮುಟ್ಟಲಿಲ್ಲ. ಒಂದು ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿದರು. ಹೊಸ ಲ್ಯಾಪ್‌ಟಾಪಿನ ಮಾತು ಆಮೇಲೆ ಎತ್ತಿಲ್ಲ.

ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಗುಂಡಿ ಇದೆ: ‘64 ಜಿಬಿ ಸ್ಟೋರೇಜ್’. ಹಲವು ಸಲ ಅದು ಎಸ್‌ಎಸ್‌ಡಿ ಆಗಿರುವುದಿಲ್ಲ, ಇಎಂಎಂಸಿ ಆಗಿರುತ್ತದೆ. ಮೊಬೈಲ್‌ಗಳಲ್ಲಿ ಹಾಕುತ್ತಿದ್ದ ಅಗ್ಗದ ಮೆಮೊರಿ ಇದು. ಬೋರ್ಡಿಗೆ ಬೆಸೆದಿರುವುದರಿಂದ ಬದಲಾಯಿಸಲು ಬರುವುದಿಲ್ಲ. ಓದುವಾಗ ಸೆಕೆಂಡಿಗೆ ಮುನ್ನೂರು ಎಂಬಿಯ ಆಸುಪಾಸು, ಬರೆಯುವಾಗ ಇನ್ನೂ ಕಡಿಮೆ. ಸಾಧಾರಣ ಎನ್‌ವಿಎಂಇ ಎಸ್‌ಎಸ್‌ಡಿ 2,000 ಎಂಬಿ ದಾಟುತ್ತದೆ. ವೇಗವಾದರೂ ಹಾಳಾಗಲಿ, 64 ಜಿಬಿಯಲ್ಲಿ ವಿಂಡೋಸ್ ಕೂತ ಮೇಲೆ ಅದರ ದೊಡ್ಡ ಅಪ್‌ಡೇಟುಗಳಿಗೆ ಜಾಗವೇ ಉಳಿಯುವುದಿಲ್ಲ. ‘ಎನ್100 ತಗೊಂಡೆ, ಬರೀ ನಿಧಾನ’ ಎನ್ನುವವರ ಲ್ಯಾಪ್‌ಟಾಪ್ ತೆಗೆದು ನೋಡಿ. ಹೆಚ್ಚಿನ ಸಲ ಒಳಗೆ 4 ಜಿಬಿ ರ‍್ಯಾಮ್ ಮತ್ತು ಇಎಂಎಂಸಿ ಸಿಗುತ್ತವೆ.

ಗಿರಣಿ, ಕಾಲೇಜು, ಸ್ಟುಡಿಯೊ

ಬೆಂಗಳೂರು ರಸ್ತೆಯ ಅಂಗಡಿಯೊಂದರಲ್ಲಿ ಕೇಳಿದ ಮಾತು ಇದು. ಗಿರಣಿಯ ಗುಮಾಸ್ತರು ಕೇಳಿದರು: “ತಮ್ಮಾ, ಇದ್ರಾಗ ಟ್ಯಾಲಿ ನಡಿತೈತೇನು?” ಹುಡುಗ ನಕ್ಕ. “ಟ್ಯಾಲಿ ನಡಿತೈತ್ರಿ ಸಾರ್. ಕಾಟಾದ ವೈರ್ ಎಲ್ಲಿ ಹಚ್ಚೋದು ಅಂತ ಕೇಳ್ರಿ.”

ಹುಡುಗ ಕೆಲಸ ಬಲ್ಲವನು. ಬೆಂಗಳೂರಿನಲ್ಲೇ 1986ರಲ್ಲಿ ಹುಟ್ಟಿದ ಕಂಪನಿಯ ಟ್ಯಾಲಿ ಬಹಳ ಹಗುರವಾದ ತಂತ್ರಾಂಶ. ಒಂದು ಗಿರಣಿಯ ಖರೀದಿ, ಮಾರಾಟ, ಜಿಎಸ್‌ಟಿ, 50 ಸಾವಿರ ದಾಟಿದ ಸರಕಿಗೆ ಇ-ವೇ ಬಿಲ್, ಇವಿಷ್ಟಕ್ಕೆ ಎನ್100 ಬೆವರುವುದೇ ಇಲ್ಲ. ವರ್ಷಗಳ ಲೆಕ್ಕ ಒಂದೇ ಕಂಪನಿ ಕಡತದಲ್ಲಿ ತುಂಬಿಕೊಂಡಿದ್ದರೆ ವರದಿ ತೆಗೆಯುವಾಗ ಒಂದಿಷ್ಟು ತಡವಾಗಬಹುದು, ಅಲ್ಲಿಯೂ ಎಸ್‌ಎಸ್‌ಡಿ ಕೈಹಿಡಿಯುತ್ತದೆ. ತೊಡಕಿರುವುದು ಪ್ರೊಸೆಸರಿನಲ್ಲಲ್ಲ. ಲಾರಿ ಕಾಟಾದ ತೂಕದ ಯಂತ್ರ ಹಳೆಯ ಒಂಬತ್ತು ಪಿನ್ನಿನ ಸೀರಿಯಲ್ ವೈರಿನಿಂದ ಕಂಪ್ಯೂಟರಿಗೆ ಅಂಕಿ ಕಳಿಸುತ್ತದೆ, ಇಂದಿನ ಮಾಮೂಲಿ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿ ಇರುವುದಿಲ್ಲ. ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬೇಕು, ಅದಕ್ಕೆ ಹೊಂದುವ ಡ್ರೈವರ್ ಬೇಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಗ್ರಾಮ ಒನ್‌ನಂಥ ಕೇಂದ್ರದಲ್ಲಾದರೆ ಬೆರಳಚ್ಚು ಯಂತ್ರ, ಎಲ್ಲದಕ್ಕೂ ಇದೇ ಮಾತು. ಇವು ಮಾಮೂಲಿ ಇಂಟೆಲ್, ಎಎಂಡಿ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತಕರಾರಿಲ್ಲದೆ ನಡೆಯುತ್ತವೆ, ಚಿಪ್ಪು ಆರು ವ್ಯಾಟಿನದ್ದಾದರೂ ಸರಿ. ಅದೇ ಗಿರಣಿಯಲ್ಲಿ ಹತ್ತಾರು ಸಿಸಿ ಕ್ಯಾಮೆರಾಗಳ ದೃಶ್ಯವನ್ನೂ ಅದೇ ಲ್ಯಾಪ್‌ಟಾಪಿನಲ್ಲಿ ಒಟ್ಟಿಗೆ ಇಟ್ಟುಕೊಳ್ಳುತ್ತೇನೆ ಎಂದರೆ ಮಾತ್ರ ಬೇಡ. ಕ್ಯಾಮೆರಾಗೆ ಅದರದ್ದೇ ಪೆಟ್ಟಿಗೆ ಇರಲಿ.

ಕುರುಗೋಡಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಓಡಾಡುವ ಬಿ.ಕಾಂ., ಬಿ.ಎ., ಬಿ.ಎಡ್. ವಿದ್ಯಾರ್ಥಿಗಳಿಗೆ ಎನ್100ಗಿಂತ ಹೆಚ್ಚಿನದು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಪರೀಕ್ಷಾ ಅರ್ಜಿ, ವಿದ್ಯಾರ್ಥಿವೇತನದ ಪುಟ, ವರ್ಡ್, ಎಕ್ಸೆಲ್, ಪಾಠದ ವಿಡಿಯೊ, ನುಡಿಯಲ್ಲಿ ಟೈಪ್ ಮಾಡಿದ ಪ್ರಬಂಧ. ಗೂಗಲ್ ಮೀಟ್‌ನಲ್ಲಿ ಹಿನ್ನೆಲೆ ಮಸುಕು ಮಾಡುವ ಗುಂಡಿ ಒತ್ತಿದರೆ ಮಾತ್ರ ಎನ್100 ಏದುಸಿರು ಬಿಡುತ್ತದೆ. ಮನೆಯ ಗೋಡೆ ಕಂಡರೆ ಕಾಣಲಿ, ಆ ಗುಂಡಿ ಬಿಡಿ. ಬ್ಯಾಗಿನಲ್ಲಿ ಹೊರುವ ತೂಕ, ಸಂಜೆಯವರೆಗೆ ಬರುವ ಬ್ಯಾಟರಿ ಇವರಿಗೆ ಹೆಚ್ಚು ಮುಖ್ಯ.

ಎಂಜಿನಿಯರಿಂಗ್ ಸೇರುವವರ ಲೆಕ್ಕ ಬೇರೆ. ಸಿ, ಪೈಥಾನ್, ಡೇಟಾಬೇಸ್ ಲ್ಯಾಬುಗಳು ಎನ್100ರಲ್ಲಿ ಸಲೀಸಾಗಿ ಮುಗಿಯುತ್ತವೆ. ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಎಮ್ಯುಲೇಟರ್ ಓಡಿಸುವುದು, ಆಟೊಕ್ಯಾಡ್‌ನ ಮೂರು ಆಯಾಮದ ಚಿತ್ರ, ಮ್ಯಾಟ್‌ಲ್ಯಾಬ್‌ನ ದೊಡ್ಡ ಲೆಕ್ಕ, ಇವು ಗಂಟೆಗಟ್ಟಲೆ ಒಂದೇ ಸಮನೆ ದುಡಿಸುತ್ತವೆ. ಅಲ್ಲಿ ಐ3-1215ಯು ಕೂಡ ಕನಿಷ್ಠ. ಅದರ ಆರು ಕೋರ್‌ಗಳಲ್ಲಿ ಎರಡು ದೊಡ್ಡವು, ನಾಲ್ಕು ಎನ್100ರಲ್ಲಿರುವ ಜಾತಿಯ ಚಿಕ್ಕವು. ನಾಲ್ಕು ವರ್ಷ ತಾಳಬೇಕಾದ ಯಂತ್ರ ಇದು, 16 ಜಿಬಿ ರ‍್ಯಾಮಿಗೆ ಹೋಗಲು ದಾರಿ ಇರುವುದನ್ನೇ ಕೊಳ್ಳಿ.

ಸಿರುಗುಪ್ಪದ ಫೋಟೊ ಸ್ಟುಡಿಯೊದವರು, ಮದುವೆ ಆಲ್ಬಂ ಮಾಡುವವರು, ಕೌಲ್ ಬಜಾರಿನ ಜೀನ್ಸ್ ಘಟಕಗಳಿಗೆ ಲೇಬಲ್, ಕಸೂತಿ ವಿನ್ಯಾಸ ಮಾಡಿಕೊಡುವವರು ಕಡಿಮೆ ವ್ಯಾಟಿನ ಚಿಪ್ಪಿಗೆ ಕೈ ಹಾಕುವುದು ಬೇಡ. ಒಂದು ಫೋಟೊ ತಿದ್ದಲು ಫೋಟೊಶಾಪ್ ತೆರೆದುಕೊಳ್ಳುತ್ತದೆ, ನಿಜ. ನೂರಿನ್ನೂರು ಫೋಟೊಗಳ ಆಲ್ಬಂ ಒಟ್ಟಿಗೆ ತೆರೆದಾಗ, ಮದುವೆ ವಿಡಿಯೊ ಜೋಡಿಸಿ ಹೊರತೆಗೆಯುವಾಗ ರಾತ್ರಿ ಬೆಳಗಾಗುತ್ತದೆ. ದುಡಿಮೆಯೇ ಅದಾಗಿರುವಾಗ ಅಲ್ಲಿ ಉಳಿಸಿದ ಹದಿನೈದು ಸಾವಿರ ಉಳಿತಾಯವಲ್ಲ.

ಬಿಸಿಲು, ಧೂಳು, ಕರೆಂಟು

ಲ್ಯಾಪ್‌ಟಾಪಿನ ಜೊತೆ ಬರುವ ಪುಸ್ತಿಕೆಯಲ್ಲಿ ಯಾರೂ ಓದದ ಒಂದು ಸಾಲಿರುತ್ತದೆ: ಬಳಸುವ ಜಾಗದ ಉಷ್ಣಾಂಶ ಎಷ್ಟಿರಬೇಕು ಎಂಬುದು. ಹೆಚ್ಚಿನ ಕಂಪನಿಗಳು 35 ಡಿಗ್ರಿ ಸೆಲ್ಸಿಯಸ್‌ಗೆ ಮಿತಿ ಹಾಕಿವೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುವುದು ಮಾಮೂಲು. ತಗಡಿನ ಶೆಡ್ಡಿನ ಒಳಗೆ ಕೇಳುವುದೇ ಬೇಡ.

ಚಿಪ್ಪು ತಂಪಾಗುವುದು ಸುತ್ತಲಿನ ಗಾಳಿಗೆ ಶಾಖ ಬಿಟ್ಟುಕೊಟ್ಟು. ಗಾಳಿಯೇ ಕಾದಿದ್ದರೆ ಬಿಟ್ಟುಕೊಡುವುದು ಕಷ್ಟ. ಆಗ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. 45 ವ್ಯಾಟಿನ ಚಿಪ್ಪು ಡಿಸೆಂಬರಿನಲ್ಲಿ ತೋರಿದ ವೇಗ ಮೇ ತಿಂಗಳಲ್ಲಿ ಸಿಗದಿರುವುದು ಇದಕ್ಕೇ. ಆರು ವ್ಯಾಟಿನದು ಹೊರಹಾಕಬೇಕಾದ ಶಾಖವೇ ಕಡಿಮೆ, ಅದರ ವೇಗ ಬೇಸಿಗೆಯಲ್ಲಿ ಅಷ್ಟೊಂದು ಬೀಳುವುದಿಲ್ಲ. ಫ್ಯಾನೇ ಇಲ್ಲದ ಮಾದರಿಗಳು ಮಾತ್ರ ಒಂದೇ ಸಮನೆ ದುಡಿಸಿದರೆ ಮೈ ಸುಡುವಷ್ಟು ಕಾಯುತ್ತವೆ, ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟುಕೊಂಡು ಬಳಸಬೇಡಿ.

ಧೂಳಿನ ವಿಷಯದಲ್ಲಿ ಇದೇ ಫ್ಯಾನ್ ಇಲ್ಲದ ಮಾದರಿ ಗೆಲ್ಲುತ್ತದೆ. ಗಿರಣಿಯಲ್ಲಿ ತೌಡಿನ ಪುಡಿ, ಜೀನ್ಸ್ ಘಟಕದಲ್ಲಿ ನೂಲಿನ ಎಳೆ, ಅದಿರು ಲಾರಿ ಓಡಾಡುವ ರಸ್ತೆಯ ಪಕ್ಕದಲ್ಲಿ ಕೆಂಪು ಮಣ್ಣು. ಫ್ಯಾನ್ ಇರುವ ಲ್ಯಾಪ್‌ಟಾಪ್ ಇವೆಲ್ಲವನ್ನೂ ಒಳಗೆ ಎಳೆದುಕೊಂಡು, ಶಾಖ ಹೊರಹೋಗುವ ತೆಳು ಹಲ್ಲುಗಳ ಮೇಲೆ ಕಂಬಳಿಯಂತೆ ನೇಯ್ದಿಡುತ್ತದೆ. ರಿಪೇರಿಯವರು ಬಿಚ್ಚಿ ತೋರಿಸಿದಾಗಲೇ ಗೊತ್ತಾಗುವುದು. ಇಂಥ ಜಾಗದಲ್ಲಿ ಫ್ಯಾನ್ ಇರುವುದನ್ನು ಬಳಸುವವರು ಬೇಸಿಗೆಗೆ ಮುಂಚೆ ಒಮ್ಮೆ ಬಿಚ್ಚಿಸಿ ಶುಚಿ ಮಾಡಿಸಿ, ಥರ್ಮಲ್ ಪೇಸ್ಟ್ ಬದಲಾಯಿಸುವುದು ಒಳ್ಳೆಯದು.

ಇನ್ನು ಕರೆಂಟು. ಜಿಲ್ಲೆಯ ಕುಡತಿನಿಯಲ್ಲೇ 1,700 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಹೊಗೆಯಾಡುತ್ತಿದ್ದರೂ ಬೇಸಿಗೆಯ ಮಧ್ಯಾಹ್ನ, ಮಳೆಗಾಲದ ಮೊದಲ ಗಾಳಿಗೆ ಲೈನ್ ಹೋಗುವುದು ತಪ್ಪಿಲ್ಲ. ಲೆಕ್ಕ ಸುಲಭ: ಅಗ್ಗದ ಲ್ಯಾಪ್‌ಟಾಪಿನ ಬ್ಯಾಟರಿ 42 ವ್ಯಾಟ್-ಅವರ್ ಇದೆ ಎನ್ನಿ. ಪರದೆಯೂ ಸೇರಿ ಸರಾಸರಿ 7 ವ್ಯಾಟ್ ಎಳೆದರೆ ಆರು ಗಂಟೆ ಬರುತ್ತದೆ, 14 ವ್ಯಾಟ್ ಎಳೆದರೆ ಮೂರೇ ಗಂಟೆ. ಪರದೆಯ ಬೆಳಕನ್ನು ಪೂರ್ತಿ ಏರಿಸಿದರೆ ಚಿಪ್ಪು ಉಳಿಸಿದ್ದನ್ನು ಪರದೆ ತಿಂದುಹಾಕುತ್ತದೆ. ಮತ್ತೆ, ಲ್ಯಾಪ್‌ಟಾಪ್ ಓಡುತ್ತಿದ್ದರೂ ವೈಫೈ ರೌಟರ್ ಕರೆಂಟಿನ ಜೊತೆಗೇ ಹೋಗುತ್ತದೆ. ರೌಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಇದರ ಜೊತೆಗೇ ಕೊಂಡರೆ ಅರ್ಜಿ ಅರ್ಧದಲ್ಲಿ ನಿಲ್ಲುವುದಿಲ್ಲ.

ಬ್ಯಾಟರಿಗೂ ಸೆಕೆ ಆಗದು. ಸದಾ ಚಾರ್ಜರ್ ಹಚ್ಚಿಕೊಂಡೇ ಇರುವವರು, ಹೆಚ್ಚಿನ ಕಂಪನಿಗಳ ಸೆಟ್ಟಿಂಗಿನಲ್ಲಿ ಇರುವ ‘ಶೇ 80ಕ್ಕೆ ಚಾರ್ಜ್ ನಿಲ್ಲಿಸು’ ಎಂಬ ಆಯ್ಕೆಯನ್ನು ಹಾಕಿಡಿ.

ಹೆಸರಿನ ಆಟ

ಇಂಟೆಲ್ 2023ರಿಂದ ಹೊಸ ಲ್ಯಾಪ್‌ಟಾಪ್ ಚಿಪ್ಪುಗಳಿಗೆ ಪೆಂಟಿಯಂ, ಸೆಲೆರಾನ್ ಹೆಸರುಗಳನ್ನು ಇಡುವುದು ನಿಲ್ಲಿಸಿದೆ. ಹಾಗಾಗಿ ಹೊಸ ಪೆಟ್ಟಿಗೆಯ ಮೇಲೆ ಸೆಲೆರಾನ್ ಎಂದಿದ್ದರೆ ಅದು ಹಳೆಯ ಚಿಪ್ಪೇ. ನಾಲ್ಕಂಕಿಯ ಹೆಸರಿನ ಎನ್4020, ಎನ್4500 ಎರಡು ಕೋರಿನವು, ದೂರವಿಡಿ. ಎನ್100, ಎನ್150, ಎನ್200 ಎಂಬ ಮೂರಂಕಿಯವು ನಾಲ್ಕು ಕೋರಿನವು, ಇವು ಆಗಬಹುದು. ಐ3-ಎನ್305 ಎಂಬುದರಲ್ಲಿ ಎಂಟು ಚಿಕ್ಕ ಕೋರ್‌ಗಳಿವೆ. ಒಳ್ಳೆಯ ಚಿಪ್ಪೇ, ಆದರೆ ಹೆಸರಿನಲ್ಲಿ ಐ3 ಇದೆ ಎಂದು ಐ3-1215ಯು ಬೆಲೆ ಕೊಡಬೇಡಿ. ದೊಡ್ಡ ಕೋರ್ ಅದರಲ್ಲಿ ಒಂದೂ ಇಲ್ಲ.

ಎಎಂಡಿಯದು ಇನ್ನೊಂದು ಚಮತ್ಕಾರ. ರೈಜೆನ್ 3 7320ಯು ಎಂಬುದರ ಮೊದಲ ಅಂಕಿ 7 ನೋಡಿ ಹೊಚ್ಚಹೊಸದು ಎಂದುಕೊಳ್ಳುತ್ತೇವೆ. ನೋಡಬೇಕಾದ್ದು ಮೂರನೆಯ ಅಂಕಿ. ಅಲ್ಲಿ 2 ಇದ್ದರೆ ಒಳಗಿರುವುದು 2019ರ ಝೆನ್ 2 ವಿನ್ಯಾಸ, 3 ಇದ್ದರೆ ಝೆನ್ 3, 4 ಇದ್ದರೆ ಝೆನ್ 4. ಅದೇ ಕಾರಣಕ್ಕೆ ರೈಜೆನ್ 3 7330ಯು ಮೇಲು. 7320ಯು ಕೂಡ ದಿನದ ಕೆಲಸಕ್ಕೆ ಎನ್100ಗಿಂತ ಚುರುಕೇ. ಆದರೆ ಅದರ ರ‍್ಯಾಮ್ ಬೋರ್ಡಿಗೆ ಬೆಸೆದಿರುತ್ತದೆ, ಕೊಂಡಾಗ 8 ಜಿಬಿ ಇದ್ದರೆ ಕೊನೆಯವರೆಗೂ 8 ಜಿಬಿಯೇ.

ಹಳೆಯದನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಹೋಗುವುದು ಇಂಟೆಲ್‌ನ ಎಂಟನೆಯ ಪೀಳಿಗೆ ಮತ್ತು ಅದರ ನಂತರದವಕ್ಕೆ ಮಾತ್ರ, ಹಿಂದಿನವುಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ವಿನಾಯಿತಿ ಇದೆ. ‘ಐ5, ಬರೀ ಹನ್ನೆರಡು ಸಾವಿರ’ ಎಂದು ತೋರಿಸುವ ನಾಲ್ಕನೆಯ, ಆರನೆಯ ಪೀಳಿಗೆಯ ಆಫೀಸು ಲ್ಯಾಪ್‌ಟಾಪುಗಳು ಈಗ ಮಾರುಕಟ್ಟೆಗೆ ಯಾಕೆ ರಾಶಿ ಬಿದ್ದಿವೆ ಎಂದು ಇದರಿಂದ ತಿಳಿಯುತ್ತದೆ. ಐ5-8250ಯು ಅಥವಾ ಅದರ ನಂತರದ್ದು, ಬ್ಯಾಟರಿ ಹೊಸದಾಗಿ ಹಾಕಿದ್ದು ಸಿಕ್ಕರೆ ಹೊಸ ಎನ್100ಗಿಂತಲೂ ಒಳ್ಳೆಯ ಕೊಳ್ಳುವಿಕೆ. ಆರನೆಯ ಪೀಳಿಗೆಯದು ಈಗಾಗಲೇ ಮನೆಯಲ್ಲಿದ್ದರೆ ಬಿಸಾಡಬೇಕಿಲ್ಲ. ಲಿನಕ್ಸ್ ಮಿಂಟ್ ಹಾಕಿಸಿದರೆ ಅಂತರ್ಜಾಲ, ಟೈಪಿಂಗ್‌ಗೆ ಇನ್ನೂ ಕೆಲವು ವರ್ಷ ಬರುತ್ತದೆ, ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯೂ ಅದರಲ್ಲೇ ಇದೆ.

ವಿಂಡೋಸ್ ಬಿಟ್ಟು ಬೇರೆ ದಾರಿ ಹಿಡಿಯುವ ಮುನ್ನ

ಮೊಬೈಲ್ ಜಾತಿಯ ಚಿಪ್ಪಿನ ಲ್ಯಾಪ್‌ಟಾಪುಗಳೂ ಇವೆ. 2023ರಲ್ಲಿ ಬಂದ ಜಿಯೊಬುಕ್ 16,499 ರೂಪಾಯಿಗೆ ಮೀಡಿಯಾಟೆಕ್ ಚಿಪ್ಪು, 4 ಜಿಬಿ ರ‍್ಯಾಮ್ ಕೊಟ್ಟಿತು, ಕ್ರೋಮ್‌ಬುಕ್‌ಗಳಲ್ಲೂ ಇಂಥವು ಸಿಗುತ್ತವೆ. ಪಾಠದ ವಿಡಿಯೊ ನೋಡಲು, ಅರ್ಜಿ ತುಂಬಲು ನಡೆಯುತ್ತವೆ. ಟ್ಯಾಲಿ, ನುಡಿ, ಕಾಟಾ ಡ್ರೈವರ್ ಯಾವುದೂ ಅವುಗಳಲ್ಲಿ ಕೂರುವುದಿಲ್ಲ. ಸ್ನ್ಯಾಪ್‌ಡ್ರಾಗನ್ ಎಕ್ಸ್ ಚಿಪ್ಪಿನ ಹೊಸ ವಿಂಡೋಸ್ ಲ್ಯಾಪ್‌ಟಾಪುಗಳು ಬಹಳ ಚುರುಕು, ಬ್ಯಾಟರಿಯೂ ದಿನವಿಡೀ ಬರುತ್ತದೆ. ಹಳೆಯ ತಂತ್ರಾಂಶಗಳನ್ನು ಅನುವಾದಿಸಿಕೊಂಡು ಓಡಿಸಲೂ ಬಲ್ಲವು. ಡ್ರೈವರುಗಳನ್ನು ಮಾತ್ರ ಹಾಗೆ ಓಡಿಸಲಾರವು. ಬೆರಳಚ್ಚು ಯಂತ್ರ ನೆಚ್ಚಿ ಬದುಕುವ ಅಂಗಡಿಯವರು ಇದನ್ನು ತಿಳಿದೇ ಕೊಳ್ಳಬೇಕು.

2025ರ ನವೆಂಬರಿನ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ರಾಜ್ಯ ಸರ್ಕಾರ ‘ಕಿಯೊ’ ಎಂಬ ಪುಟ್ಟ ಕಂಪ್ಯೂಟರನ್ನು ಹೊರತಂದಿತು. ಕಿಯೋನಿಕ್ಸ್ ಮುಂದಾಳತ್ವದ ಯೋಜನೆ, ಬೆಲೆ 18,999 ರೂಪಾಯಿ. ಒಳಗಿರುವುದು ಯಾರ ಸ್ವತ್ತೂ ಅಲ್ಲದ ರಿಸ್ಕ್-5 ವಿನ್ಯಾಸದ ಚಿಪ್ಪು, ಮೇಲೆ ಲಿನಕ್ಸ್. ಲ್ಯಾಪ್‌ಟಾಪ್ ಅಲ್ಲ ಇದು, ಪರದೆ ಬೇರೆ ಬೇಕು, ವಿಂಡೋಸ್ ಇದರಲ್ಲಿ ನಡೆಯುವುದಿಲ್ಲ. ಸಿಂಪ್ಯೂಟರ್ ಆದ ಎರಡು ದಶಕದ ಮೇಲೆ ಕಡಿಮೆ ವಿದ್ಯುತ್ತಿನ ಚಿಪ್ಪಿನ ಕಡೆ ಸರ್ಕಾರ ಮತ್ತೆ ಬಂದಿರುವುದು ನನಗಂತೂ ಸಂತೋಷ. ಆದರೆ ಗಿರಣಿಯವರು ಟ್ಯಾಲಿಗಾಗಿ ಇದನ್ನು ಕೊಳ್ಳುವಂತಿಲ್ಲ, ಶಾಲೆಯವರು ನೋಡಬಹುದು.

ಅಂಗಡಿಯಲ್ಲಿ

ತೋರಿಸಲು ಇಟ್ಟ ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಲು ಹೇಳಿ. ಬ್ಯಾಟರಿಯ ಮೇಲೆಯೇ ಕ್ರೋಮ್ ತೆರೆದು ನೀವು ದಿನವೂ ಬಳಸುವ ಐದಾರು ಪುಟ ಹಾಕಿ, ಒಂದರಲ್ಲಿ ಯೂಟ್ಯೂಬ್ ಓಡುತ್ತಿರಲಿ, ಎಕ್ಸೆಲ್ ಇದ್ದರೆ ಅದನ್ನೂ ತೆರೆಯಿರಿ. ಈಗ ಟಾಸ್ಕ್ ಮ್ಯಾನೇಜರ್ ನೋಡಿ. ಸಿಪಿಯು ಏರಿ ಇಳಿಯುತ್ತಿದ್ದರೆ ಚಿಂತೆಯಿಲ್ಲ. ಮೆಮೊರಿ ಶೇ 90ರ ಹತ್ತಿರ ನಿಂತರೆ, ಡಿಸ್ಕ್ ಕೆಳಗಿಳಿಯದಿದ್ದರೆ ಆ ಮಾದರಿ ಬೇಡ. ವಿಂಡೋಸ್ ‘ಎಸ್ ಮೋಡ್’ನಲ್ಲಿದೆಯೇ ಎಂದೂ ಕೇಳಿ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ತಂತ್ರಾಂಶ ಮಾತ್ರ ಕೂರುತ್ತದೆ, ಟ್ಯಾಲಿ, ನುಡಿ ಹಾಕಲು ಬಿಡುವುದಿಲ್ಲ. ಹೊರಬರುವುದು ಉಚಿತ. ಇದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ರ‍್ಯಾಮ್ ಹಾಕಲು ಖಾಲಿ ಕಿಂಡಿ ಇದೆಯೇ, ಇದ್ದರೆ ಎಷ್ಟರವರೆಗೆ ಹಾಕಬಹುದು ಎಂದು ಕೇಳಿ. ಎನ್100ರ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಒಂದೇ ಕಿಂಡಿ ಇರುತ್ತದೆ ಅಥವಾ ಬೆಸೆದಿರುತ್ತದೆ. 2025ರ ಕೊನೆಯಿಂದ ಮೆಮೊರಿ ಬೆಲೆ ಏರಿದ್ದರಿಂದ ‘ಈಗ 4 ಜಿಬಿ ಒಯ್ಯಿರಿ, ಆಮೇಲೆ ಹಾಕಿಸೋಣ’ ಎಂಬ ಮಾತು ಮೊದಲಿನಷ್ಟು ಅಗ್ಗವಲ್ಲ. ಬಿಲ್ಲಿನಲ್ಲಿ ಬರೀ ‘ಲ್ಯಾಪ್‌ಟಾಪ್ 1’ ಎಂದು ಬರೆಸಿಕೊಂಡು ಬರಬೇಡಿ. ಪ್ರೊಸೆಸರಿನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿಯೋ ಇಎಂಎಂಸಿಯೋ, ಸೀರಿಯಲ್ ನಂಬರ್ ನಾಲ್ಕೂ ಇರಲಿ. ಸರ್ವಿಸ್ ಸೆಂಟರ್ ಬಳ್ಳಾರಿಯಲ್ಲೇ ಇದೆಯೋ, ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕೋ ಎಂಬುದನ್ನೂ ದುಡ್ಡು ಎಣಿಸುವ ಮುಂಚೆಯೇ ಕೇಳಿಕೊಳ್ಳಿ.